ಜಗಳೂರಿನ ಬಿಸಿಲು, ಸಿಡ್ನಿಯ ಮಾತು

ದಾವಣಗೆರೆಯಿಂದ ಪೂರ್ವಕ್ಕೆ ಹೊರಟ ಬಸ್ಸು ಭದ್ರಾ ನಾಲೆಯ ಹಸುರನ್ನು ಹಿಂದಿಕ್ಕಿ, ಬಿಳಿಚೋಡನ್ನು ದಾಟಿ ಮುಂದುವರಿದಂತೆಲ್ಲ ನೆಲದ ಬಣ್ಣವೇ ಬದಲಾಗುತ್ತದೆ. ಗದ್ದೆಗಳು ಮರೆಯಾಗಿ ಮೆಕ್ಕೆಜೋಳ, ಶೇಂಗಾ, ರಾಗಿಗಳ ಹೊಲಗಳು ಕಾಣಿಸಿಕೊಳ್ಳುತ್ತವೆ. ಮುಗಿಲನ್ನೇ ನಂಬಿ ಬಾಳುವ ಸೀಮೆಯಿದು. ಸುಮಾರು ಐವತ್ತು ಕಿಲೋಮೀಟರಿನ ಈ ಪಯಣದ ತುದಿಯಲ್ಲಿರುವ ಊರೇ ಜಗಳೂರು. ಹೆಸರಿನೊಳಗೆ ‘ಜಗಳ’ ಅಡಗಿರುವುದನ್ನು ಕಂಡು ಹೊಸಬರು ನಗುವುದುಂಟು. ಊರಿನವರಿಗೆ ಆ ವಿನೋದ ಹಳೆಯದು. ತಾವೂ ಒಂದಿಷ್ಟು ನಕ್ಕು ಸುಮ್ಮನಾಗುತ್ತಾರೆ.

1997ರ ಆಗಸ್ಟ್ 15ರವರೆಗೆ ಈ ತಾಲ್ಲೂಕು ಚಿತ್ರದುರ್ಗ ಜಿಲ್ಲೆಗೆ ಸೇರಿದ್ದಿತು; ಅಂದು ಹೊಸದಾಗಿ ಹುಟ್ಟಿದ ದಾವಣಗೆರೆ ಜಿಲ್ಲೆಯ ಪಾಲಿಗೆ ಬಂದಿತು. ರೈಲು ಊರಿಗೆ ಬಂದಿಲ್ಲ. ರಂಗಯ್ಯನದುರ್ಗದ ಕುರುಚಲು ಕಾಡಿನಲ್ಲಿ ನಾಲ್ಕು ಕೊಂಬಿನ ಕೊಂಡುಕುರಿಗಳಿವೆ. 2011ರಲ್ಲಿ ಅವುಗಳಿಗಾಗಿಯೇ ಅಭಯಾರಣ್ಯವೊಂದು ಏರ್ಪಟ್ಟಿತು. 1957 ಮತ್ತು 1967ರಲ್ಲಿ ಚಿತ್ರದುರ್ಗ ಕ್ಷೇತ್ರದಿಂದ ಲೋಕಸಭೆಗೆ ಚುನಾಯಿತರಾದ ಜೆ. ಮಹಮ್ಮದ್ ಇಮಾಂ ಅವರು ಈ ಊರಿನ ಹೆಸರನ್ನು ದೆಹಲಿಯವರೆಗೆ ಕೊಂಡೊಯ್ದರು. ಆದರೆ ಜಗಳೂರು ಎಂದೊಡನೆ ಹೊರಗಿನವರ ಬಾಯಲ್ಲಿ ಮೊದಲು ಬರುವ ಮಾತು ಬರಗಾಲದ್ದೇ. ತುಂಗಭದ್ರೆಯ ನೀರನ್ನು ಏತದ ಮೂಲಕ ತಂದು 57 ಕೆರೆಗಳನ್ನು ತುಂಬಿಸುವ ಯೋಜನೆಯೂ, ಭದ್ರಾ ಮೇಲ್ದಂಡೆ ಯೋಜನೆಯೂ ಈ ಮಾತನ್ನು ಅಳಿಸುವುದಕ್ಕಾಗಿಯೇ ಹುಟ್ಟಿಕೊಂಡವು.

ನೀರಿನ ಕೊರತೆಗೆ ಏತವುಂಟು, ಕಾಲುವೆಯುಂಟು. ಇಂಗ್ಲಿಷಿನ ಕೊರತೆಗೆ?

ಇದು ಜಗಳೂರಿಗೆ ಮಾತ್ರ ಸಲ್ಲುವ ಪ್ರಶ್ನೆಯಲ್ಲ. ಬೆಂಗಳೂರಿನಿಂದ ದೂರವಿರುವ ಎಲ್ಲ ಊರುಗಳದೂ ಹೌದು. ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸುವ ಪದ್ಧತಿ 2007ರಲ್ಲಿ ಬಂದಿತು. ಎಸ್.ಎಸ್.ಎಲ್.ಸಿ.ಯನ್ನು ಕನ್ನಡ ಮಾಧ್ಯಮದಲ್ಲಿ ಮುಗಿಸಿದ ಮಗುವಿಗೆ ಇಂಗ್ಲಿಷು ಓದಲು ಬರುತ್ತದೆ, ಬರೆಯಲೂ ಬರುತ್ತದೆ. ಆದರೆ ಯಾರಾದರೂ ವೇಗವಾಗಿ ಆಡಿದಾಗ ಅದೇ ಇಂಗ್ಲಿಷು ಕಿವಿಯಲ್ಲಿ ನಿಲ್ಲುವುದಿಲ್ಲ. ಪಿ.ಯು. ವಿಜ್ಞಾನಕ್ಕೆಂದು ದಾವಣಗೆರೆಗೆ ಹೋದ ಎಷ್ಟೋ ಬುದ್ಧಿವಂತ ಮಕ್ಕಳು ಮೊದಲ ತಿಂಗಳಲ್ಲೇ ಎದೆಗುಂದಿ, ಹಿಂದಿನ ಬೆಂಚಿಗೆ ಸರಿದು, ಕೊನೆಗೆ ಬೇರೆ ವಿಷಯಕ್ಕೆ ಬದಲಾಯಿಸಿಕೊಳ್ಳುವುದನ್ನು ಅಧ್ಯಾಪಕರೆಲ್ಲರೂ ಬಲ್ಲರು. ಅವರಿಗೆ ಕೊರತೆಯಾದದ್ದು ಬುದ್ಧಿಯಲ್ಲ, ಕಿವಿಯ ಅಭ್ಯಾಸ.

ಕಿವಿಯ ಅಭ್ಯಾಸಕ್ಕೆ ಕ್ರೀಡೆಯ ವೀಕ್ಷಕ ವಿವರಣೆಯಷ್ಟು ಅಗ್ಗದ ಗುರು ಇನ್ನೊಬ್ಬನಿಲ್ಲ. ಟ್ರಾನ್ಸಿಸ್ಟರಿಗೆ ಕಿವಿಯಾನಿಸಿ ಟೆಸ್ಟ್ ಪಂದ್ಯ ಕೇಳುತ್ತಿದ್ದ ಅಜ್ಜಂದಿರ ತಲೆಮಾರಿಗೆ ಇದು ತಿಳಿದೇ ಇದ್ದಿತು. ಸಿಲ್ಲಿ ಪಾಯಿಂಟು ಎಲ್ಲಿದೆಯೆಂದು ಅರಿಯದವರೂ ‘ಅನ್‌ಫಾರ್ಚುನೇಟ್‌ಲಿ’ ಎಂಬ ಪದವನ್ನು ಸ್ಫುಟವಾಗಿ ನುಡಿಯಬಲ್ಲವರಾಗಿದ್ದರು. ಆದರೆ ಕ್ರಿಕೆಟ್ಟು ನಿಧಾನದ ಆಟ. ಅದರ ವಿವರಣೆಕಾರರು ಪಾರಿವಾಳಗಳನ್ನೂ ಮೋಡಗಳನ್ನೂ ವರ್ಣಿಸುತ್ತ ಕಾಲ ಕಳೆಯುತ್ತಾರೆ. ಕಾಲ್ಚೆಂಡಾಟದಲ್ಲಿ ಅದಕ್ಕೆ ಬಿಡುವಿಲ್ಲ. ಕಣ್ಣಿಗೆ ಕಂಡದ್ದೇ ಆ ಗಳಿಗೆಯಲ್ಲಿ ಮಾತಾಗಬೇಕು. ಭಾಷೆ ಕಲಿಯುವವರಿಗೆ ಬೇಕಾದದ್ದೂ ಅದೇ. ಶಬ್ದ ಕಿವಿಗೆ ಬೀಳುವಾಗಲೇ ಅದರ ಅರ್ಥ ಕಣ್ಣೆದುರಿನಲ್ಲಿ ಓಡುತ್ತಿರುತ್ತದೆ, ನಿಘಂಟಿನ ಹಂಗಿಲ್ಲ.

ಮಹಿಳೆಯರ ಪಂದ್ಯಗಳು ಈ ಕಲಿಕೆಗೆ ಇನ್ನೂ ಒಂದು ರೀತಿಯಲ್ಲಿ ಅನುಕೂಲ. ಗಂಡಸರ ವಿಶ್ವಕಪ್ ಎಂದರೆ ಮನೆಯ ಟೆಲಿವಿಷನ್ ಅಣ್ಣತಮ್ಮಂದಿರ ವಶ. ಅವರು ತಮಗೆ ಎಲ್ಲ ತಿಳಿದಿದೆಯೆಂಬಂತೆ ಮಾತನಾಡುತ್ತಾರೆ, ವಿವರಣೆ ಯಾರಿಗೂ ಕೇಳಿಸುವುದಿಲ್ಲ. ಹೆಂಗಸರ ಪಂದ್ಯವಾದರೆ ಆ ಕಾಟವಿಲ್ಲ.

ಜಗಳೂರಿನ ಒಂದು ಮನೆಯನ್ನೂ ಅಲ್ಲಿಯ ಒಬ್ಬ ವಿದ್ಯಾರ್ಥಿನಿಯನ್ನೂ ಓದುಗರು ಕಲ್ಪಿಸಿಕೊಳ್ಳಲಿ. ಹೆಸರು ಬೇಡ, ಅಂಥ ಮನೆಗಳೂ ಹುಡುಗಿಯರೂ ಅಲ್ಲಿ ಬಹಳ. ಅವಳು ಆಡಿ ಬಲ್ಲದ್ದು ಖೋ ಖೋ ಮತ್ತು ಕಬಡ್ಡಿ. ಆಫ್‌ಸೈಡು ಎಂದರೇನೆಂದು ತಿಳಿಯದು. ದಿನ 2023ರ ಆಗಸ್ಟ್ 20, ಭಾನುವಾರ. ಮರುದಿನ ನಾಗರಪಂಚಮಿ. ಒಳಗೆ ಶೇಂಗಾ ಹುರಿಯುವ ವಾಸನೆ. ಅಜ್ಜಿ ಉಂಡೆ ಕಟ್ಟಲು ಬೆಲ್ಲ ಕುಟ್ಟುತ್ತಿದ್ದಾಳೆ. ಹುಡುಗಿಯ ಮೊರದಲ್ಲಿ ಸಿಪ್ಪೆ ತೆಗೆಯಬೇಕಾದ ಶೇಂಗಾ ಬೀಜ, ಎದುರಿನ ಕಂಬಕ್ಕೆ ಒರಗಿಸಿದ ಮೊಬೈಲು. ಮಧ್ಯಾಹ್ನ ಮೂರೂವರೆ. ಸಿಡ್ನಿ ನಗರದಲ್ಲಿ ಆಗ ರಾತ್ರಿ ಎಂಟು. 75,784 ಮಂದಿ ಪ್ರೇಕ್ಷಕರ ಮುಂದೆ ಇಂಗ್ಲೆಂಡ್ ಮತ್ತು ಸ್ಪೇನ್ ದೇಶಗಳ ಮಹಿಳೆಯರು ವಿಶ್ವಕಪ್ಪಿನ ಅಂತಿಮ ಪಂದ್ಯಕ್ಕೆ ಇಳಿಯುತ್ತಿದ್ದಾರೆ.

ಮೊದಲ ಅಚ್ಚರಿ ಏನೆಂದರೆ, ಅರ್ಧದಷ್ಟು ಶಬ್ದಗಳು ಅವಳಿಗೆ ಮೊದಲೇ ಗೊತ್ತು! ‘ಪಾಸ್’ ಎಂಬುದು ಬಸ್ಸಿನದು, ಪರೀಕ್ಷೆಯದು. ‘ಪೆನಾಲ್ಟಿ’ ತಡವಾಗಿ ಕಟ್ಟಿದ ಬಿಲ್ಲಿನದು. ‘ಕಾರ್ನರ್’ ಎಂದರೆ ಎರಡು ರಸ್ತೆ ಕೂಡುವಲ್ಲಿರುವ, ಹೆಚ್ಚು ಬೆಲೆಯ ಸೈಟು. ‘ಸೇವ್’ ಮಾಡುವುದು ಫೋನಿನಲ್ಲಿ ನಂಬರನ್ನು. ಊರಿನ ಸಂತೆ, ಬಸ್ ನಿಲ್ದಾಣ, ಕಚೇರಿಗಳಲ್ಲಿ ಕನ್ನಡದ ಉಡುಪು ತೊಟ್ಟು ಓಡಾಡುತ್ತಿರುವ ಇವೇ ಪದಗಳು ಸಿಡ್ನಿಯಲ್ಲಿ ಬೇರೆ ಕೆಲಸಕ್ಕೆ ನಿಂತಿವೆ. ಬಿಲ್ಲಿನ ದಂಡಕ್ಕೂ ಮೈದಾನದ ದಂಡಕ್ಕೂ ಇರುವ ನಂಟನ್ನು ಕಂಡುಕೊಳ್ಳಲು ಅವಳಿಗೆ ಒಂದು ನಿಮಿಷ ಸಾಕು. ಹೀಗೆ ಗೊತ್ತಿರುವ ಶಬ್ದದ ಗೊತ್ತಿಲ್ಲದ ಅರ್ಥವನ್ನು ಹಿಡಿಯುವುದು, ಹೊಸ ಶಬ್ದವನ್ನು ಉರು ಹೊಡೆಯುವುದಕ್ಕಿಂತ ಎಷ್ಟೋ ಮೇಲು.

ಹದಿನಾರನೆಯ ನಿಮಿಷದಲ್ಲಿ ಇಂಗ್ಲೆಂಡಿನ ಲಾರೆನ್ ಹೆಂಪ್ ಹೊಡೆದ ಚೆಂಡು ಗೋಲಿನ ಅಡ್ಡಪಟ್ಟಿಗೆ ಬಡಿಯಿತು. ಇಂಥ ಹೊಡೆತಕ್ಕೆ ವಿವರಣೆಕಾರರು ‘ವುಡ್‌ವರ್ಕ್’ ಎನ್ನುವುದು ವಾಡಿಕೆ. ಕಂಬಗಳು ಲೋಹದವಾಗಿ ಎಷ್ಟೋ ಕಾಲವಾಯಿತು. ಮಾತಿನಲ್ಲಿ ಮಾತ್ರ ಅವು ಇನ್ನೂ ಮರದವೇ. ಇಪ್ಪತ್ತೊಂಬತ್ತನೆಯ ನಿಮಿಷದಲ್ಲಿ ಸ್ಪೇನಿನ ಓಲ್ಗಾ ಕಾರ್ಮೋನಾ ಎಡಗಾಲಿನಿಂದ ನೆಲಮಟ್ಟದಲ್ಲಿ ಹೊಡೆದ ಚೆಂಡು ದೂರದ ಮೂಲೆಯನ್ನು ಸೇರಿತು. ವಿರಾಮದ ಬಳಿಕ ಇಂಗ್ಲೆಂಡ್ ಲಾರೆನ್ ಜೇಮ್ಸ್ ಮತ್ತು ಕ್ಲೋಯಿ ಕೆಲ್ಲಿ ಎಂಬಿಬ್ಬರನ್ನು ಹೊಸದಾಗಿ ಇಳಿಸಿತು. ಇವರು ‘ಬೆಂಚಿನಿಂದ’ ಬಂದವರು. ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸುವುದು ಶಿಕ್ಷೆ, ಇಲ್ಲಿ ಬೆಂಚಿನ ಮೇಲೆ ಕೂರಿಸುವುದು! ಆಮೇಲೆ ಕೈಗೆ ಚೆಂಡು ತಾಗಿತೆಂಬ ದೂರು. ರೆಫರಿ ಟೋರಿ ಪೆನ್ಸೋ ಎಂಬಾಕೆ ಪರದೆಯಲ್ಲಿ ಚಿತ್ರವನ್ನು ಮತ್ತೆ ನೋಡಿ, ತನ್ನ ತೀರ್ಪನ್ನು ಧ್ವನಿವರ್ಧಕದಲ್ಲಿ ಇಡೀ ಮೈದಾನಕ್ಕೆ ಕೇಳುವಂತೆ ಸಾರಿದಳು. ಆ ಟೂರ್ನಿಯಲ್ಲಿ ರೆಫರಿಗಳು ಹೀಗೆ ಬಾಯಿಬಿಟ್ಟು ಹೇಳಬೇಕೆಂಬ ನಿಯಮವಿದ್ದುದು ಕಲಿಯುವವರ ಪಾಲಿನ ಪುಣ್ಯ: ಚಿಕ್ಕ ವಾಕ್ಯ, ಬಿಡಿಬಿಡಿಯಾದ ಉಚ್ಚಾರ. ಜೆನಿಫರ್ ಹೆರ್ಮೋಸೋ ಒದ್ದ ಆ ಪೆನಾಲ್ಟಿಯನ್ನು ಮೇರಿ ಅರ್ಪ್ಸ್ ಬಾಚಿ ತಡೆದಳು. ಅದು ‘ಸೇವ್’. ಕೊನೆಗೆ ಹದಿಮೂರು ನಿಮಿಷಗಳ ಹೆಚ್ಚುವರಿ ಕಾಲ. ಅದಕ್ಕೆ ಹಳೆಯ ರೂಢಿಯಲ್ಲಿ ‘ಇಂಜುರಿ ಟೈಮ್’ ಎನ್ನುತ್ತಾರೆ. ಗಾಯಕ್ಕೆ ಸಂದ ಹೊತ್ತೆಂದು ಹುಡುಗಿ ಕೇಳಿದೊಡನೆ ಊಹಿಸಿದಳು. ಆಟ 1–0ಕ್ಕೆ ಮುಗಿಯಿತು. ಸ್ಪೇನಿನ ಗೋಲ್‌ಕೀಪರ್ ಕಾಟಾ ಕೋಲ್ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲವಾದುದರಿಂದ ಆಕೆಯದು ‘ಕ್ಲೀನ್ ಶೀಟ್’.

“ಯಾರವ್ವಾ ಗೆದ್ದೋರು?” ಅಜ್ಜಿ ಒಳಗಿನಿಂದ ಕೇಳಿದಳು.

“ಸ್ಪೇನ್‌ನೋರು ಅಜ್ಜಿ. ಇಂಗ್ಲೆಂಡ್‌ನೋರು ಸೋತ್ರು.”

“ಅಲ್ಲಾ, ಸೋತೋರ ಭಾಷೀನ ಕಲಿಯಾಕ್ಹತ್ತೀಯಲ್ಲ ನೀನು!”

ಅಜ್ಜಿಯ ಮಾತಿಗೆ ಉತ್ತರ ಹೇಳುವುದು ಸುಲಭವಲ್ಲ.

ಈ ನುಡಿಗಟ್ಟುಗಳ ಹುಟ್ಟನ್ನು ಕೆದಕಿದರೆ ಕಥೆಗಳು ದೊರೆಯುತ್ತವೆ. ಕೆಲವು ನಿಜ, ಕೆಲವು ಕಟ್ಟಿದವು. ಮೂರು ಗೋಲಿನ ‘ಹ್ಯಾಟ್ರಿಕ್’ ಕಾಲ್ಚೆಂಡಿನ ಸ್ವಂತ ಆಸ್ತಿಯಲ್ಲ, 1858ರಲ್ಲಿ ಎಚ್. ಎಚ್. ಸ್ಟೀಫನ್‌ಸನ್ ಎಂಬ ಕ್ರಿಕೆಟಿಗ ಮೂರು ಎಸೆತಗಳಲ್ಲಿ ಮೂರು ವಿಕೆಟ್ ಉರುಳಿಸಿದಾಗ ಅವನಿಗೆ ಟೋಪಿಯೊಂದನ್ನು ಬಹುಮಾನವಾಗಿ ಕೊಟ್ಟರಂತೆ. ಎದುರಾಳಿಯ ಎರಡು ಕಾಲುಗಳ ನಡುವೆ ಚೆಂಡು ತೂರಿಸಿದರೆ ‘ನಟ್‌ಮೆಗ್’, ಎಂದರೆ ಜಾಯಿಕಾಯಿ. ಏಕೆಂಬುದಕ್ಕೆ ಪಂಡಿತರಲ್ಲಿ ಒಮ್ಮತವಿಲ್ಲ. ಜಗಳೂರಿನವರಿಗೆ ಬಹಳ ಹಿಡಿಸಬಹುದಾದದ್ದು ‘ಪಾರ್ಕಿಂಗ್ ದ ಬಸ್’. 2004ರಲ್ಲಿ ಚೆಲ್ಸಿ ತಂಡದ ತರಬೇತುದಾರ ಹೋಸೆ ಮೊರಿನ್ಯೊ, ಎದುರಾಳಿಗಳು ಗೋಲಿನ ಮುಂದೆ ಬಸ್ಸನ್ನೇ ತಂದು ನಿಲ್ಲಿಸಿದರು ಎಂದು ಗೊಣಗಿದ್ದರಿಂದ ಈ ಮಾತು ಹಬ್ಬಿತು. ಬಾಗಿಲಿಗೆ ಅಡ್ಡ ನಿಂತ ಬಸ್ಸಿನ ಮುಂದೆ ಸಂತೆಯ ದಿನ ಸಿಕ್ಕಿಬಿದ್ದವರಿಗೆ ಇದರ ವ್ಯಾಖ್ಯಾನ ಬೇಕಿಲ್ಲ. ತನ್ನ ಗೋಲಿಗೆ ತಾನೇ ಹೊಡೆದುಕೊಂಡರೆ ‘ಓನ್ ಗೋಲ್’. ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಂಡಂತೆ ಎಂದು ಕನ್ನಡಿಗರು ಚೆಂಡಿಲ್ಲದೆಯೇ ಅದನ್ನು ಹೇಳಿ ಮುಗಿಸಿದ್ದಾರೆ.

‘ಬ್ಯಾಕ್ ಟು ಸ್ಕ್ವೇರ್ ಒನ್’ ಎಂಬುದರ ಕಥೆ ಮಾತ್ರ ಸ್ವಲ್ಪ ಉದ್ದ. ಬ್ರಿಟಿಷ್ ರೇಡಿಯೋದಲ್ಲಿ ಮೊದಲ ಕಾಲ್ಚೆಂಡಾಟದ ವಿವರಣೆ ಬಿತ್ತರವಾದದ್ದು 1927ರ ಜನವರಿ 22ರಂದು, ಆರ್ಸೆನಲ್ ಮತ್ತು ಷೆಫೀಲ್ಡ್ ಯುನೈಟೆಡ್ ತಂಡಗಳ ಪಂದ್ಯದಿಂದ. ಕೇಳುಗರಿಗೆ ಮೈದಾನ ಕಾಣದಲ್ಲವೇ? ಅದಕ್ಕಾಗಿ ರೇಡಿಯೋ ಪತ್ರಿಕೆಯಲ್ಲಿ ಮೈದಾನದ ನಕ್ಷೆಯನ್ನು ಚೌಕಗಳಾಗಿ ಭಾಗಿಸಿ ಅಚ್ಚು ಹಾಕಿದರು. ಟೆಡ್ಡಿ ವೇಕ್‌ಲಂ ಆಟವನ್ನು ಬಣ್ಣಿಸುತ್ತಿದ್ದರೆ ಮತ್ತೊಬ್ಬರು ಚೆಂಡು ಎಷ್ಟನೆಯ ಚೌಕದಲ್ಲಿದೆಯೆಂದು ಹೇಳುತ್ತಿದ್ದರು. ‘ಮೊದಲ ಚೌಕಕ್ಕೆ ಮರಳುವುದು’ ಎಂಬ ನುಡಿ ಇಲ್ಲಿಂದಲೇ ಬಂದಿತೆಂದು ಬಹುಮಂದಿ ನಂಬಿದ್ದಾರೆ. ಆದರೆ ಅಚ್ಚಿನಲ್ಲಿ ಆ ನುಡಿ ಕಾಣಿಸಿಕೊಳ್ಳುವುದು 1950ರ ದಶಕದಲ್ಲಿ. ಆ ಹೊತ್ತಿಗೆ ನಕ್ಷೆಯ ಪದ್ಧತಿ ನಿಂತು ಹೋಗಿದ್ದಿತು. ಹಾವು ಏಣಿಯ ಆಟವೇ ಇದರ ತವರು ಎಂದರೆ ಹೆಚ್ಚು ಒಪ್ಪುತ್ತದೆ. ಹಾವು ಕಚ್ಚಿ ಮೊದಲ ಮನೆಗೆ ಜಾರುವುದು ಕರ್ನಾಟಕದ ಮಕ್ಕಳಿಗೆ ಹೊಸದೇನಲ್ಲ.

1927 ಎಂಬ ಆ ಇಸವಿಯನ್ನು ಮತ್ತೊಂದು ಕಾರಣಕ್ಕಾಗಿ ನೆನಪಿಡಬೇಕು. ಅದಕ್ಕೆ ಆರು ವರ್ಷ ಮೊದಲು ಇಂಗ್ಲೆಂಡಿನ ಹೆಂಗಸರು ಮೈದಾನದಿಂದ ಹೊರಗೆ ತಳ್ಳಲ್ಪಟ್ಟಿದ್ದರು. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್ ನಗರದ ಗುಡಿಸನ್ ಪಾರ್ಕಿನಲ್ಲಿ ಡಿಕ್ ಕರ್ ಲೇಡೀಸ್ ತಂಡದ ಆಟವನ್ನು ನೋಡಲು ಸುಮಾರು 53,000 ಜನ ನೆರೆದಿದ್ದರು. ಮರುವರ್ಷ, 1921ರ ಡಿಸೆಂಬರ್ 5ರಂದು, ಅಲ್ಲಿಯ ಫುಟ್‌ಬಾಲ್ ಸಂಘ ಈ ಆಟ ಹೆಂಗಸರಿಗೆ ತಕ್ಕುದಲ್ಲವೆಂದು ಸಾರಿ, ತನ್ನ ಅಂಗಸಂಸ್ಥೆಗಳ ಮೈದಾನಗಳನ್ನು ಅವರಿಗೆ ಮುಚ್ಚಿಬಿಟ್ಟಿತು. ಬಾಗಿಲು ತೆರೆದದ್ದು 1971ರಲ್ಲಿ. ಅಂದರೆ ರೇಡಿಯೋ ವಿವರಣೆಯ ಭಾಷೆ ಹುಟ್ಟಿ, ಬೆಳೆದು, ಬಲಿತು ನಿಂತ ಅಷ್ಟೂ ಕಾಲ ಹೆಂಗಸರು ಆ ಮೈದಾನಗಳಲ್ಲಿ ಇರಲೇ ಇಲ್ಲ. ಆ ಭಾಷೆಯಲ್ಲಿ ಎಲ್ಲೆಲ್ಲಿಯೂ ‘ಮ್ಯಾನ್’ ಕಾಣಿಸಿಕೊಂಡದ್ದರಲ್ಲಿ ಸೋಜಿಗವೇನಿದೆ? ಪಂದ್ಯಶ್ರೇಷ್ಠ ‘ಮ್ಯಾನ್ ಆಫ್ ದ ಮ್ಯಾಚ್’. ಒಬ್ಬರು ಹೊರಹೋದರೆ ಉಳಿದವರು ‘ಟೆನ್ ಮೆನ್’. ಗೆರೆಯ ಬದಿಯಲ್ಲಿ ನಿಂತವನು ‘ಲೈನ್ಸ್‌ಮನ್’. 1996ರಲ್ಲಿ ನಿಯಮವೇ ಬದಲಾಗಿ ಆ ಹುದ್ದೆಗೆ ‘ಅಸಿಸ್ಟೆಂಟ್ ರೆಫರಿ’ ಎಂದು ಹೆಸರಾಯಿತು. ಇಂದು ಮಹಿಳೆಯರ ಪಂದ್ಯದಲ್ಲಿ ಪಂದ್ಯಶ್ರೇಷ್ಠೆ ‘ಪ್ಲೇಯರ್ ಆಫ್ ದ ಮ್ಯಾಚ್’, ಉಳಿದ ಹತ್ತು ಮಂದಿ ‘ಟೆನ್ ಪ್ಲೇಯರ್ಸ್’. ಆದರೂ ಹಿಂದಿನಿಂದ ಎದುರಾಳಿ ಬರುತ್ತಿದ್ದಾಳೆಂದು ಎಚ್ಚರಿಸಲು ಆಟಗಾರ್ತಿಯರೇ ‘ಮ್ಯಾನ್ ಆನ್!’ ಎಂದು ಕೂಗುವುದು ತಪ್ಪಿಲ್ಲ. ಓಡುವಾಗ ವ್ಯಾಕರಣ ತಿದ್ದುವವರಾರು?

ಮೈಕಿನ ಮುಂದೆ ಹೆಂಗಸು ಕುಳಿತದ್ದಂತೂ ಇನ್ನೂ ಇತ್ತೀಚಿನ ಮಾತು. ಬ್ರಿಟಿಷ್ ಟೆಲಿವಿಷನ್ನಿನಲ್ಲಿ ಪುರುಷರ ವಿಶ್ವಕಪ್ ಪಂದ್ಯವೊಂದಕ್ಕೆ ನೇರ ವಿವರಣೆ ನೀಡಿದ ಮೊದಲ ಮಹಿಳೆ ವಿಕಿ ಸ್ಪಾರ್ಕ್ಸ್. ಅದು 2018ರ ಜೂನ್ 20ರಂದು, ಪೋರ್ಚುಗಲ್ ಮತ್ತು ಮೊರಾಕೊ ದೇಶಗಳ ಪಂದ್ಯ. 2022ರ ಜುಲೈ 31ರಂದು ವೆಂಬ್ಲಿಯಲ್ಲಿ 87,192 ಜನರ ಮುಂದೆ ಇಂಗ್ಲೆಂಡಿನ ಮಹಿಳೆಯರು ಜರ್ಮನಿಯನ್ನು 2–1ರಿಂದ ಸೋಲಿಸಿ ಯುರೋಪಿನ ಕಿರೀಟ ಧರಿಸಿದಾಗ ಬಿ.ಬಿ.ಸಿ. ಟೆಲಿವಿಷನ್ನಿನ ವಿವರಣೆ ರಾಬಿನ್ ಕವನ್ ಎಂಬಾಕೆಯದು.

ಕನ್ನಡದ ಕಿವಿಗೆ ಇಲ್ಲೊಂದು ಸ್ವಾರಸ್ಯವಿದೆ. ಕನ್ನಡದಲ್ಲಿ ‘ಬಂದಳು, ಒದ್ದಳು, ಗೋಲ್!’ ಎಂದರೆ ಸಾಕು. ಆಡುತ್ತಿರುವವಳು ಹೆಂಗಸೆಂಬುದು ಕ್ರಿಯಾಪದದಲ್ಲಿಯೇ ಇದೆ. ಇಂಗ್ಲಿಷಿನ ಕ್ರಿಯಾಪದಕ್ಕೆ ಗಂಡು ಹೆಣ್ಣೆಂಬ ಭೇದ ತಿಳಿಯದು. ಆದುದರಿಂದ ವಿವರಣೆಕಾರರು ಹೆಸರುಗಳನ್ನು ಮಣಿ ಪೋಣಿಸಿದಂತೆ ಒಂದರ ಹಿಂದೊಂದು ಹೇಳುತ್ತ ಹೋಗುತ್ತಾರೆ. ಚೆಂಡು ಯಾರ ಕಾಲಿನಲ್ಲಿದೆಯೋ ಅವಳ ಹೆಸರು, ಅಷ್ಟೇ. ಇನ್ನೂ ವಿಚಿತ್ರವೆಂದರೆ ಕಾಲ. ಕಣ್ಣೆದುರಿನಲ್ಲಿ ನಡೆಯುತ್ತಿರುವ ಕೆಲಸಕ್ಕೆ ‘ಇಂಗ್’ ಹಚ್ಚಬೇಕೆಂದು ಶಾಲೆಯಲ್ಲಿ ಕಲಿಸುತ್ತಾರಲ್ಲವೇ? ವಿವರಣೆಕಾರರು ಅದನ್ನು ಕೇಳುವುದೇ ಇಲ್ಲ. ‘ಶೀ ಷೂಟ್ಸ್, ಶೀ ಸ್ಕೋರ್ಸ್’ ಎಂದು ಬರಿಯ ವರ್ತಮಾನದಲ್ಲೇ ಮುಗಿಸುತ್ತಾರೆ. ‘ಇಂಗ್’ ಹಚ್ಚುವಷ್ಟರಲ್ಲಿ ಚೆಂಡು ಬಲೆಯೊಳಗಿರುತ್ತದೆ. ‘ಗ್ರೇಟ್ ಸೇವ್’ ಎಂಬಲ್ಲಿ ಕರ್ತೃವೂ ಇಲ್ಲ, ಕ್ರಿಯೆಯೂ ಇಲ್ಲ. ಇದು ತಪ್ಪಲ್ಲ, ಅವಸರದ ವ್ಯಾಕರಣ.

ಅವಸರದ ವ್ಯಾಕರಣವನ್ನು ಅರ್ಜಿಗೆ ತಂದರೆ ಅನರ್ಥವೇ. ‘ಕ್ಲೀನ್ ಶೀಟ್’ ಎಂಬುದನ್ನು ನೌಕರಿಯ ಸಂದರ್ಶನದಲ್ಲಿ ಸಚ್ಚಾರಿತ್ರ್ಯಕ್ಕೆ ಬಳಸಿದರೆ ಎದುರಿಗಿರುವವರು ಹುಬ್ಬೇರಿಸಬಹುದು. ‘ವುಡ್‌ವರ್ಕ್’ ಎಂಬುದು ಮೈದಾನದ ಹೊರಗೆ ಬಡಗಿಯ ಕೆಲಸ. ಹೀಗೆ ಒಂದು ಕಡೆ ಸಲ್ಲುವುದು ಇನ್ನೊಂದು ಕಡೆ ಸಲ್ಲದು. ಆದರೆ ‘ಲೆವೆಲ್ ಪ್ಲೇಯಿಂಗ್ ಫೀಲ್ಡ್’, ‘ಗೋಲ್‌ಪೋಸ್ಟ್ ಸರಿಸುವುದು’, ‘ಓನ್ ಗೋಲ್’ ಮುಂತಾದವು ಮೈದಾನದ ಬೇಲಿಯನ್ನು ಹಾರಿ ಪತ್ರಿಕೆಯ ಸಂಪಾದಕೀಯಕ್ಕೂ ವಿಧಾನಸಭೆಗೂ ಬಂದು ಕುಳಿತಿವೆ. ಯಾವುದು ಹಾರಿತು, ಯಾವುದು ಒಳಗೇ ಉಳಿಯಿತು ಎಂದು ತಿಳಿಯಲು ಪದವನ್ನು ಮಾತ್ರ ಬರೆದಿಟ್ಟರೆ ಸಾಲದು. ಅದು ಬಂದ ಇಡೀ ವಾಕ್ಯವನ್ನೂ, ಆಗ ಮೈದಾನದಲ್ಲಿ ನಡೆದದ್ದನ್ನೂ ಎರಡು ಸಾಲು ಕನ್ನಡದಲ್ಲಿ ಗುರುತು ಹಾಕಬೇಕು. ನೋಟ್‌ಬುಕ್ಕಿನ ಒಂದು ಪುಟಕ್ಕೆ ಐದು ಮಾತು ಬಂದರೂ ಸಾಕು. ಮುಖ್ಯಾಂಶಗಳನ್ನು ಮಾರನೆಯ ದಿನ ಮತ್ತೆ ಕೇಳಿದಾಗ, ಹಿಂದಿನ ದಿನ ಗದ್ದಲವಾಗಿ ಕೇಳಿದ್ದು ವಾಕ್ಯವಾಗಿ ಕೇಳಿಸಿದರೆ ಕಿವಿ ತೆರೆಯಿತೆಂದೇ ಲೆಕ್ಕ.

ದೂರದ ಸಿಡ್ನಿಯೇ ಏಕೆ, ಸ್ವಂತ ನಾಡಿನಲ್ಲಿ ಆಟವಿಲ್ಲವೇ ಎಂದು ಕೇಳುವವರಿದ್ದಾರೆ. ಇದೆ. 1937ರಲ್ಲಿ ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರ್ ಮುಸ್ಲಿಮ್ಸ್. 1968–69ರಲ್ಲಿ ಮೈಸೂರು ರಾಜ್ಯ ಗೆದ್ದ ಸಂತೋಷ್ ಟ್ರೋಫಿ, 54 ವರ್ಷಗಳ ಬಳಿಕ 2023ರ ಮಾರ್ಚ್ 4ರಂದು ರಿಯಾದಿನಲ್ಲಿ ಮೇಘಾಲಯವನ್ನು 3–2ರಿಂದ ಮಣಿಸಿದ ಕರ್ನಾಟಕಕ್ಕೆ ಮರಳಿ ದೊರೆಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡದ ಹುಡುಗಿಯರು ಭಾರತೀಯ ಮಹಿಳಾ ಲೀಗಿನ ಅಂತಿಮ ಪಂದ್ಯಕ್ಕೇರಿ ಗೋಕುಲಂ ಕೇರಳದೆದುರು 0–5ರಿಂದ ಸೋತರು. ಸೋಲು ದೊಡ್ಡದೇ, ಆದರೆ ಅಲ್ಲಿಯವರೆಗೆ ಹೋದದ್ದು ಸಣ್ಣದಲ್ಲ. 2025ರ ಜುಲೈ 5ರಂದು ಭಾರತದ ಮಹಿಳೆಯರು ಥೈಲೆಂಡನ್ನು ಅದರ ನೆಲದಲ್ಲಿಯೇ 2–1ರಿಂದ ಸೋಲಿಸಿ 2026ರ ಏಷ್ಯಾ ಕಪ್ಪಿಗೆ ಅರ್ಹತೆ ಪಡೆದರು. ಎರಡು ಗೋಲುಗಳೂ ಸಂಗೀತಾ ಬಾಸ್‌ಫೋರ್ ಅವರವು. ಒಬ್ಬರೇ ಎರಡು ಗೋಲು ಹೊಡೆದರೆ ‘ಬ್ರೇಸ್’. ಬೇಟೆಗಾರರು ಜೋಡಿ ಹಕ್ಕಿಗಳಿಗೆ ಬಳಸುತ್ತಿದ್ದ ಪದವಿದು. ಹಲ್ಲು ನೆಟ್ಟಗಾಗಲು ವೈದ್ಯರು ಕಟ್ಟುವ ತಂತಿಗೂ ಇದೇ ಹೆಸರು, ಅದು ಬೇರೆ ಮಾತು.

ಮುಂದಿನ ಮಹಿಳಾ ವಿಶ್ವಕಪ್ಪು 2027ರ ಜೂನ್ 24ರಿಂದ ಜುಲೈ 25ರವರೆಗೆ ಬ್ರೆಜಿಲ್ ದೇಶದಲ್ಲಿ ನಡೆಯುವುದೆಂದು ಗೊತ್ತಾಗಿದೆ. ಸಿಡ್ನಿಯ ಅನುಕೂಲ ಅಲ್ಲಿ ದೊರೆಯುವಂತಿಲ್ಲ. ರಿಯೋದಲ್ಲಿ ಸಂಜೆ ಐದು ಹೊಡೆದಾಗ ಜಗಳೂರಿನಲ್ಲಿ ರಾತ್ರಿ ಒಂದೂವರೆ. ಹೊಸ ಶಾಲಾವರ್ಷ ಆಗತಾನೆ ಮೊದಲಾಗಿರುತ್ತದೆ, ಬೆಳಿಗ್ಗೆ ದಾವಣಗೆರೆಯ ಬಸ್ಸು ತಪ್ಪಿಸಿಕೊಳ್ಳುವಂತಿಲ್ಲ. ಮನೆಯವರೆಲ್ಲ ಮಲಗಿದ ಮೇಲೆ ಧ್ವನಿಯನ್ನು ತಗ್ಗಿಸಿ, ಇಯರ್‌ಫೋನಿನ ಒಂದು ತುದಿಯನ್ನು ಕಿವಿಗಿಟ್ಟುಕೊಂಡು ಕೇಳಬೇಕಾದೀತು.